ಮಳೆ ನಿಂತ ಮೇಲೆ ಫೇಡರ್ ಮುಟ್ಟಿ: ಮನೆಯಲ್ಲೇ ಹಾಡು ಮಿಕ್ಸ್ ಮಾಡಲು ಕಲಿಯುವ ಸಮಗ್ರ ಮಾರ್ಗದರ್ಶಿ

ನಮ್ಮ ಮನೆ ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ, ಕಾಫಿ ತೋಟದ ನಡುವೆ ಇದೆ. ನಾನು ಮೊದಲು ಮಿಕ್ಸ್ ಮಾಡಿದ್ದು ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಸಮಯದಲ್ಲಿ ನಾಲ್ಕು ಜನ ದುಡಿ (ಕೊಡವರ ಸಣ್ಣ ಚರ್ಮವಾದ್ಯ) ಬಾರಿಸುತ್ತಾ ಹಾಡಿದ ಒಂದು ಹಾಡನ್ನು. ಹೆಡ್‌ಫೋನಿನಲ್ಲಿ ಜೋರಾಗಿ ಕೇಳಿದಾಗ ಮೈ ಜುಮ್ಮೆಂದಿತ್ತು. ಮರುದಿನ ಅದನ್ನೇ ಜೀಪಿನಲ್ಲಿ ಹಾಕಿದೆ. ದುಡಿ ಬಿಟ್ಟು ಬೇರೇನೂ ಕೇಳಲಿಲ್ಲ. ಹಾಡಿದವರಲ್ಲಿ ಹಿರಿಯರೊಬ್ಬರು ಪಕ್ಕದಲ್ಲೇ ಕೂತಿದ್ದರು. ಮಾತು ಯಾಕೆ ಗೊತ್ತಾಗ್ತಿಲ್ಲ ಅಂತ ಮೆಲ್ಲಗೆ ಕೇಳಿದರು.

ಆ ಪ್ರಶ್ನೆಯೇ ನನಗೆ ಮಿಕ್ಸಿಂಗ್ ಕಲಿಸಿತು. ಹಾಡಿನ ಮಾತು ಕೇಳಬೇಕು, ಉಳಿದದ್ದೆಲ್ಲ ಆ ಮಾತಿನ ಸುತ್ತ ಹದವಾಗಿ ಕೂರಬೇಕು. ಈ ಬರಹದ ಪ್ರತಿ ಹೆಜ್ಜೆಯೂ ಆ ಒಂದು ಕೆಲಸಕ್ಕಾಗಿಯೇ ಇದೆ.

ಮಿಕ್ಸಿಂಗ್ ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಆದ ದನಿಗಳನ್ನು, ವಾದ್ಯಗಳನ್ನು ಒಂದೇ ಹಾಡಾಗಿ ಸೇರಿಸುವುದು. ಯಾವುದು ಮುಂದೆ, ಯಾವುದು ಹಿಂದೆ, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅಂತ ತೀರ್ಮಾನ ಮಾಡುವುದು. ಅದಕ್ಕೆ ಬೆಂಗಳೂರಿನ ಸ್ಟುಡಿಯೋ ಬೇಕಿಲ್ಲ. ಆದರೆ ತಾಳ್ಮೆ ಬೇಕು, ಒಂದು ಸದ್ದಿಲ್ಲದ ಗಂಟೆ ಬೇಕು.

ಏನೇನು ಬೇಕು

ಒಂದು ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರ್. 8 ಜಿಬಿ ರಾಮ್ ಇದ್ದರೆ ಕಲಿಯಲು ಸಾಕು.

ಒಂದು ಮಿಕ್ಸಿಂಗ್ ಸಾಫ್ಟ್‌ವೇರ್. ನಾನು ಹೇಳುವುದು ರೀಪರ್. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಬಳಕೆಯ ಲೈಸೆನ್ಸ್‌ಗೆ 60 ಡಾಲರ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ಹಗುರವಾಗಿ ಓಡುತ್ತದೆ. ಈಕ್ಯೂ, ಕಂಪ್ರೆಸರ್, ರಿವರ್ಬ್ (ಗುಂಗು), ಡಿಲೇ (ಪ್ರತಿಧ್ವನಿ) ಎಲ್ಲ ಅದರಲ್ಲೇ ಬರುತ್ತವೆ, ಒಂದೊಂದರ ಕೆಲಸ ಮುಂದೆ ಹೇಳುತ್ತೇನೆ. ಮ್ಯಾಕ್ ಇರುವವರು ಗರಾಜ್‌ಬ್ಯಾಂಡ್‌ನಿಂದ ಶುರು ಮಾಡಬಹುದು, ಅದು ಉಚಿತ. ಮೊದಲ ವರ್ಷ ಹೊರಗಿನ ಪ್ಲಗಿನ್ (ಸಾಫ್ಟ್‌ವೇರಿಗೆ ಸೇರಿಸುವ ಇಂಥ ಸಲಕರಣೆ) ಒಂದನ್ನೂ ಕೊಳ್ಳಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಇಪ್ಪತ್ತು ಕಂಪ್ರೆಸರ್ ಇದ್ದವರಿಗಿಂತ ಒಂದೇ ಕಂಪ್ರೆಸರನ್ನು ಚೆನ್ನಾಗಿ ಅರಿತವರ ಮಿಕ್ಸ್ ಒಳ್ಳೆಯದಿರುತ್ತದೆ.

ಒಂದು ಒಳ್ಳೆಯ ಹೆಡ್‌ಫೋನ್. ಬ್ಲೂಟೂತ್ ಬೇಡ, ವೈರ್ ಇರುವುದು ಬೇಕು. ಬಾಸ್ ಜಾಸ್ತಿ ಕೊಡುವ ಮಾದರಿ ಬೇಡ, ಇದ್ದದ್ದನ್ನು ಇದ್ದ ಹಾಗೆ ಕೇಳಿಸುವುದು ಬೇಕು. ಸೋನಿ ಎಂಡಿಆರ್ 7506, ಆಡಿಯೋ ಟೆಕ್ನಿಕಾ ಎಂ40ಎಕ್ಸ್, ಎಕೆಜಿ ಕೆ240 ಇವೆಲ್ಲ ಹೋಮ್ ಸ್ಟುಡಿಯೋಗಳಲ್ಲಿ ತುಂಬಾ ಬಳಕೆಯಲ್ಲಿವೆ. ಯಾವುದಾದರೂ ಒಂದನ್ನು ತೆಗೆದುಕೊಂಡು ಅದರಲ್ಲೇ ನಿಮಗಿಷ್ಟವಾದ ಹಾಡುಗಳನ್ನು ತಿಂಗಳುಗಟ್ಟಲೆ ಕೇಳಿ. ಆ ಹೆಡ್‌ಫೋನಿನ ಗುಣ ನಿಮ್ಮ ಕಿವಿಗೆ ರೂಢಿಯಾಗಬೇಕು.

ಒಂದು ಆಡಿಯೋ ಇಂಟರ್‌ಫೇಸ್, ಅಂದರೆ ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ. ನೀವೇ ರೆಕಾರ್ಡ್ ಮಾಡುವುದಾದರೆ ಮಾತ್ರ ಇದು ತಕ್ಷಣ ಬೇಕು. ಕಂಡೆನ್ಸರ್ ಮೈಕ್ ಬಳಸುವುದಾದರೆ ಅದರಲ್ಲಿ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕ ಮೈಕಿಗೆ ಕರೆಂಟ್ ಕೊಡುವ ಸೌಲಭ್ಯ) ಇದೆಯಾ ನೋಡಿ.

ಸ್ಪೀಕರ್ ಆಮೇಲೆ ನೋಡೋಣ. ಕೋಣೆ ಸರಿಯಿಲ್ಲದೆ ದುಬಾರಿ ಸ್ಪೀಕರ್ ತಂದರೆ ಹಣ ದಂಡ.

ಕೋಣೆ ಮತ್ತು ಮಳೆ

ಕೊಡಗಿನಲ್ಲಿ ಹೋಮ್ ಸ್ಟುಡಿಯೋ ಕಟ್ಟುವವರಿಗೆ ಮೊದಲ ಎದುರಾಳಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ಎಲ್ಲ ಕಂಪನಗಳೂ ಇರುತ್ತವೆ. ಅದು ಹಾಡಿನ ಸೂಕ್ಷ್ಮವಾದ ತಾರ ಸದ್ದನ್ನು, ರಿವರ್ಬಿನ ಬಾಲವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಹಾಗಾಗಿ ಮಳೆಯಲ್ಲಿ ಕೂತು ಮಿಕ್ಸ್ ಮಾಡಿದರೆ ನಮಗೆ ಗೊತ್ತಿಲ್ಲದೆಯೇ ಟ್ರೆಬಲ್ ಜಾಸ್ತಿ ಹಾಕುತ್ತೇವೆ, ರಿವರ್ಬ್ ಜಾಸ್ತಿ ಹಾಕುತ್ತೇವೆ. ಮಳೆ ನಿಂತ ಮೇಲೆ ಕೇಳಿದರೆ ಕಿವಿ ಚುಚ್ಚುತ್ತದೆ.

ನಾನು ಕೆಲಸವನ್ನು ಎರಡು ಭಾಗ ಮಾಡಿಕೊಂಡಿದ್ದೇನೆ. ಮಳೆ ಬರುವಾಗ ಕಿವಿಯ ತೀರ್ಪು ಬೇಡದ ಕೆಲಸ: ಟ್ರ್ಯಾಕ್‌ಗಳಿಗೆ (ಬೇರೆ ಬೇರೆಯಾಗಿ ರೆಕಾರ್ಡ್ ಆದ ಒಂದೊಂದು ದನಿ, ವಾದ್ಯಕ್ಕೆ) ಹೆಸರಿಡುವುದು, ಬೇಡದ ಕೆಮ್ಮು, ಕುರ್ಚಿ ಸದ್ದು ಕತ್ತರಿಸುವುದು, ಫೈಲ್ ಜೋಡಿಸುವುದು. ಮಳೆ ಬಿಟ್ಟ ಹೊತ್ತಿನಲ್ಲಿ ಮಾತ್ರ ಫೇಡರ್ (ಒಂದೊಂದು ಟ್ರ್ಯಾಕಿನ ಜೋರು ಏರಿಸಿ ಇಳಿಸುವ ಗುಂಡಿ) ಮತ್ತು ಈಕ್ಯೂ. ಜುಲೈನಲ್ಲಿ ಅಂಥ ಹೊತ್ತು ಸಿಗುವುದು ಕಷ್ಟ, ನಿಜ. ಆದರೆ ಸಿಕ್ಕ ಅರ್ಧ ಗಂಟೆ ಮಳೆಯಲ್ಲಿ ಕಳೆದ ಮೂರು ಗಂಟೆಗಿಂತ ಮೇಲು.

ರೆಕಾರ್ಡಿಂಗ್ ಮಾಡುವವರು ಇನ್ನೂ ಎರಡು ಸದ್ದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಸಂಜೆಯ ಜೀರುಂಡೆ, ಮತ್ತು ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ. ಜೀರುಂಡೆಯ ಸದ್ದು ಹಾಡುವ ದನಿಯ ಸ್ಪಷ್ಟತೆ ಇರುವ ಜಾಗದ ಪಕ್ಕದಲ್ಲೇ ಕೂರುತ್ತದೆ. ಆಮೇಲೆ ಈಕ್ಯೂನಿಂದ ತೆಗೆಯಲು ಹೋದರೆ ದನಿಯೂ ಮಂಕಾಗುತ್ತದೆ. ನನ್ನ ಅನುಭವದಲ್ಲಿ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗಿನ ಹೊತ್ತು ಒಳ್ಳೆಯದು.

ಈಗ ಕೋಣೆಯ ಒಳಗಿನ ವಿಷಯ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ ಹತ್ತಡಿ ಅಂತರ ಇದ್ದರೆ ಸುಮಾರು 56 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 56 ಕಂಪನ) ಸದ್ದು ಗೋಡೆಯಿಂದ ಗೋಡೆಗೆ ಹೊಯ್ದಾಡಿ ನಿಂತುಬಿಡುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ಬಾಸ್ ಗುಂಯ್ ಅನ್ನುತ್ತದೆ, ನಡುವೆ ನಿಂತರೆ ಮಾಯವಾಗುತ್ತದೆ. ಉದ್ದ ಅಗಲ ಎರಡೂ ಒಂದೇ ಆಗಿರುವ ಚೌಕ ಕೋಣೆ ಇದಕ್ಕೆ ಅತಿ ಕೆಟ್ಟದ್ದು. ಆಯತಾಕಾರದ ಕೋಣೆ ಇದ್ದರೆ ಅದನ್ನೇ ಆರಿಸಿ. ಚಿಕ್ಕ ಗೋಡೆಗೆ ಮುಖ ಮಾಡಿ ಕೂರಿ, ಸರಿಯಾಗಿ ನಡುಮಧ್ಯೆ ಕೂರಬೇಡಿ, ಸ್ವಲ್ಪ ಮುಂದಕ್ಕೆ ಬನ್ನಿ.

ಮೊಟ್ಟೆಯ ಟ್ರೇ ಗೋಡೆಗೆ ಅಂಟಿಸಿದರೆ ಸಾಕು ಅಂತ ಎಷ್ಟೋ ಜನ ಹೇಳುತ್ತಾರೆ. ಸಾಲದು. 100 ಹರ್ಟ್ಜ್‌ನ ಅಲೆಯ ಉದ್ದವೇ ಸುಮಾರು 3.4 ಮೀಟರ್. ತೆಳ್ಳಗಿನ ರಟ್ಟು ಅದನ್ನು ಹೇಗೆ ತಡೆದೀತು? ಸದ್ದು ಹೀರಲು ದಪ್ಪ ಬೇಕು. ನಾಲ್ಕು ಇಂಚು ದಪ್ಪದ ರಾಕ್‌ವೂಲನ್ನು (ಕಲ್ಲಿನ ನಾರಿನ ಹಾಸು) ಮರದ ಚೌಕಟ್ಟಿಗೆ ಹಾಕಿ ಬಟ್ಟೆ ಹೊದಿಸಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದಿಲ್ಲದಿದ್ದರೆ ಮನೆಯಲ್ಲಿರುವ ಹಳೆಯ ಹಾಸಿಗೆ, ದಪ್ಪ ಕಂಬಳಿ ಆಗಬಹುದು. ಖಾಲಿ ಕಾಫಿ ಚೀಲದೊಳಗೆ ಹಳೆ ಬಟ್ಟೆ ಬಿಗಿಯಾಗಿ ತುಂಬಿ ಮೂಲೆಗಳಲ್ಲಿ ನೆಲದಿಂದ ಮೇಲಕ್ಕೆ ಪೇರಿಸಿಯೂ ಇಡಬಹುದು. ಮಳೆಗಾಲದಲ್ಲಿ ಅವು ಬೂಸ್ಟು ಹಿಡಿಯುತ್ತವೆ, ಬಿಸಿಲು ಬಿದ್ದ ದಿನ ಕಣಕ್ಕೆ ಹಾಕಿ ಒಣಗಿಸಿ.

ಮೈಕ್ ಬಗ್ಗೆಯೂ ಇದೇ ಕಾಳಜಿ ಬೇಕು. ತೇವ ಹಿಡಿದ ಕಂಡೆನ್ಸರ್ ಮೈಕ್ ಪಟಪಟ ಸದ್ದು ಮಾಡಲು ಶುರು ಮಾಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿ ಇಡಬೇಡಿ, ಹೊಗೆ ಮತ್ತು ಎಣ್ಣೆ ಪಸೆ ಮೈಕಿನ ತೆಳು ಪೊರೆಗೆ ಇನ್ನೂ ಕೆಟ್ಟದ್ದು. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದರೆ ಕೇಬಲ್ ಎಲ್ಲ ಕಿತ್ತಿಡಿ. ರೆಕಾರ್ಡಿಂಗಿನಲ್ಲಿ ಸಣ್ಣ ಗುಂಯ್ ಸದ್ದು ಬಂದರೆ ಅದು ಕರೆಂಟಿನ 50 ಹರ್ಟ್ಜ್ ಮತ್ತು ಅದರ ಮೇಲಿನ 100, 150 ಇರಬಹುದು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ.

ಕಲಿಯಲು ಹಾಡು ಎಲ್ಲಿಂದ

ಶುರುವಿನಲ್ಲಿ ನಿಮ್ಮದೇ ರೆಕಾರ್ಡಿಂಗ್ ಬೇಡ. ರೆಕಾರ್ಡಿಂಗಿನ ತಪ್ಪು ಯಾವುದು, ಮಿಕ್ಸಿನ ತಪ್ಪು ಯಾವುದು ಅಂತ ಗೊತ್ತಾಗುವುದಿಲ್ಲ. ಕೇಂಬ್ರಿಡ್ಜ್ ಎಂಟಿ ಅನ್ನುವ ಜಾಲತಾಣದಲ್ಲಿ ಕಲಿಯುವವರಿಗಾಗಿ ನೂರಾರು ಹಾಡುಗಳ ಬಿಡಿ ಟ್ರ್ಯಾಕ್‌ಗಳನ್ನು ಉಚಿತವಾಗಿ ಇಟ್ಟಿದ್ದಾರೆ. ಹತ್ತು ಹನ್ನೆರಡು ಟ್ರ್ಯಾಕ್ ಇರುವ ಸರಳ ಹಾಡು ಒಂದನ್ನು ಆರಿಸಿ. ಅಭ್ಯಾಸಕ್ಕೆ ಮಾತ್ರ ಬಳಸಿ.

ಆಮೇಲೆ ನಿಮ್ಮ ಊರಿನದ್ದು. ದುಡಿಯ ಜೊತೆ ಹಾಡುವವರು, ದೇವಸ್ಥಾನದ ಭಜನೆ ತಂಡ, ಚರ್ಚಿನ ಗಾಯನ ತಂಡ, ಶಾಲೆಯ ಮಕ್ಕಳು, ಯಾರಾದರೂ ಸರಿ. ರೆಕಾರ್ಡ್ ಮಾಡುವಾಗ 24 ಬಿಟ್ ಇಡಿ. ಸ್ಯಾಂಪಲ್ ರೇಟ್ ವಿಡಿಯೋ ಜೊತೆ ಹೋಗುವುದಾದರೆ 48 ಕಿಲೋಹರ್ಟ್ಜ್, ಬರೀ ಹಾಡಾದರೆ 44.1 ಸಾಕು. ಮೀಟರ್ ಕೆಂಪು, ಅಂದರೆ ಸೊನ್ನೆ ಡೆಸಿಬಲ್, ಮುಟ್ಟಬಾರದು. ಅತಿ ಜೋರಾದ ಜಾಗದಲ್ಲೂ ಮೈನಸ್ 10 ಡೆಸಿಬಲ್ ಆಸುಪಾಸು ಇರಲಿ. 24 ಬಿಟ್‌ನಲ್ಲಿ ಮೆಲ್ಲಗೆ ರೆಕಾರ್ಡ್ ಆದರೂ ಆಮೇಲೆ ಏರಿಸಬಹುದು, ಒಡೆದ ಸದ್ದನ್ನು ಮಾತ್ರ ಸರಿ ಮಾಡಲಾಗದು. ಒಂದು ಮದುವೆಯಲ್ಲಿ ವಾಲಗ ರೆಕಾರ್ಡ್ ಮಾಡುವಾಗ ನಾನು ಇದನ್ನು ಮರೆತೆ. ಕೊಂಬು ಊದಿದ ಕ್ಷಣವೆಲ್ಲ ಕರಕರ ಅಂತ ಒಡೆದುಹೋಗಿತ್ತು. ಆ ಮದುವೆ ಮತ್ತೆ ಬರುವುದಿಲ್ಲ, ಅಲ್ವಾ? ಈಗಲೂ ಅದರ ಬೇಸರ ಇದೆ.

ಎರಡು ಮೈಕ್ ಬಳಸುವುದಾದರೆ ಒಂದು ಲೆಕ್ಕ ನೆನಪಿಡಿ. ಮೈಕಿಗೂ ಹಾಡುವವರಿಗೂ ಒಂದಡಿ ಅಂತರ ಇದ್ದರೆ, ಒಂದು ಮೈಕಿನಿಂದ ಇನ್ನೊಂದಕ್ಕೆ ಕನಿಷ್ಠ ಮೂರಡಿ ಇರಲಿ. ಇಲ್ಲದಿದ್ದರೆ ಒಬ್ಬರ ದನಿ ಎರಡೂ ಮೈಕಿಗೆ ಸ್ವಲ್ಪ ಹಿಂದೆ ಮುಂದೆ ತಲುಪಿ, ಸೇರಿಸಿದಾಗ ಟೊಳ್ಳಾಗಿ ಕೇಳುತ್ತದೆ.

ಮೊದಲ ಹೆಜ್ಜೆ: ಪ್ರಾಜೆಕ್ಟ್ ಅಣಿ ಮಾಡುವುದು

ಟ್ರ್ಯಾಕ್‌ಗಳಿಗೆ ಕನ್ನಡದಲ್ಲೇ ಹೆಸರಿಡಿ. ದನಿ 1, ದನಿ 2, ದುಡಿ, ತಾಳ, ಹಾರ್ಮೋನಿಯಂ. ದನಿಗಳಿಗೆ ಒಂದು ಬಣ್ಣ, ಬಡಿಯುವ ವಾದ್ಯಗಳಿಗೆ ಇನ್ನೊಂದು. ಪ್ರತಿ ಟ್ರ್ಯಾಕಿನ ಗೇನ್ (ಫೇಡರಿಗೂ ಮೊದಲಿನ ಜೋರು) ಹೊಂದಿಸಿ, ಫೇಡರ್ ಸೊನ್ನೆಯಲ್ಲಿ ಇದ್ದಾಗ ಪೀಕ್ (ಅತಿ ಜೋರಾದ ಕ್ಷಣ) ಮೈನಸ್ 12ರಿಂದ ಮೈನಸ್ 10ರ ನಡುವೆ ಬರಲಿ. ಎಲ್ಲ ಟ್ರ್ಯಾಕ್ ಸೇರುವ ಮಾಸ್ಟರಿನ ಮೀಟರ್ ಮಿಕ್ಸ್ ಮುಗಿಯುವವರೆಗೂ ಮೈನಸ್ 6 ದಾಟದ ಹಾಗೆ ನೋಡಿಕೊಳ್ಳಿ.

ಹಾಗೆಯೇ ನಿಮಗೆ ಚೆನ್ನಾಗಿ ಗೊತ್ತಿರುವ, ಅದೇ ಬಗೆಯ ಒಂದು ಹಾಡನ್ನು ಬೇರೆ ಟ್ರ್ಯಾಕಿನಲ್ಲಿ ತಂದಿಡಿ. ಇದು ಹೋಲಿಕೆಯ ಹಾಡು. ಮಾರುಕಟ್ಟೆಗೆ ಬಂದ ಹಾಡು ನಿಮ್ಮ ಮಿಕ್ಸಿಗಿಂತ ಜೋರಾಗಿರುತ್ತದೆ. ಎರಡೂ ಕಿವಿಗೆ ಒಂದೇ ಜೋರಿನಲ್ಲಿ ಕೇಳುವ ಹಾಗೆ ಅದನ್ನು ಇಳಿಸಿ. ಯಾಕೆಂದರೆ ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಅಂತ ಅನ್ನಿಸುತ್ತದೆ. ಕಿವಿಯ ಈ ಮೋಸ ಮಿಕ್ಸಿಂಗಿನ ಪ್ರತಿ ಹೆಜ್ಜೆಯಲ್ಲೂ ಕಾದಿರುತ್ತದೆ.

ಎರಡನೇ ಹೆಜ್ಜೆ: ಬರೀ ಫೇಡರ್

ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದು. ಹೆಚ್ಚಿನವರು ಇದನ್ನು ಐದು ನಿಮಿಷದಲ್ಲಿ ಮುಗಿಸಿ ಪ್ಲಗಿನ್‌ಗೆ ಹಾರುತ್ತಾರೆ. ನಾನೂ ಹಾಗೇ ಮಾಡಿದ್ದೆ. ಜೀಪಿನಲ್ಲಿ ಮಾತು ಕೇಳದೆ ಹೋಗಿದ್ದು ಅದಕ್ಕೇ.

ಮಾಸ್ಟರ್ ಟ್ರ್ಯಾಕನ್ನು ಮೋನೋ ಮಾಡಿ, ಅಂದರೆ ಎಡ ಬಲ ಎರಡರಲ್ಲೂ ಒಂದೇ ಸದ್ದು ಬರಲಿ. ಎಲ್ಲ ಫೇಡರ್ ಕೆಳಗೆ ಇಳಿಸಿ. ಹೆಡ್‌ಫೋನ್ ಅಥವಾ ಸ್ಪೀಕರಿನ ವಾಲ್ಯೂಮನ್ನು ಪಕ್ಕದಲ್ಲಿ ಕೂತವರ ಜೊತೆ ಮಾತಾಡುವಷ್ಟು ಮೆಲ್ಲಗೆ ಇಡಿ. ಈಗ ದನಿಯ ಫೇಡರ್ ಏರಿಸಿ. ಆಮೇಲೆ ದುಡಿಯನ್ನು ನಿಧಾನ ತನ್ನಿ. ದನಿಯ ಮಾತು ಮಸುಕಾಗುವ ಜಾಗದವರೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಹೀಗೆ ಒಂದೊಂದಾಗಿ ಎಲ್ಲವನ್ನೂ ತನ್ನಿ. ಒಂದು ಟ್ರ್ಯಾಕನ್ನು ಒಂಟಿಯಾಗಿ ಸೋಲೋ ಒತ್ತಿ ಕೇಳಬೇಡಿ. ಒಂಟಿಯಾಗಿ ಚೆಂದ ಕೇಳುವುದಕ್ಕೂ ಗುಂಪಿನಲ್ಲಿ ಹದವಾಗಿ ಕೂರುವುದಕ್ಕೂ ಸಂಬಂಧ ಕಡಿಮೆ.

ಮೆಲ್ಲಗೆ ಯಾಕೆ ಕೇಳಬೇಕು? ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಸದ್ದು ಮೆಲ್ಲಗಾದಷ್ಟೂ ನಮ್ಮ ಕಿವಿಗೆ ತಗ್ಗಿನ ಕಂಪನಗಳು ಕಡಿಮೆ ಕೇಳುತ್ತವೆ. ಜೋರಾಗಿ ಕೇಳಿದಾಗ ಬಾಸ್ ಉಬ್ಬಿ ಬಂದು ಎಲ್ಲ ತುಂಬಿಕೊಂಡ ಹಾಗೆ ಅನ್ನಿಸುತ್ತದೆ. ಮೆಲ್ಲಗೆ ಕೇಳಿದಾಗ ನಡುವಿನ ಸದ್ದು, ಅಂದರೆ ಮಾತು ಇರುವ ಜಾಗ, ಬೆತ್ತಲಾಗಿ ಎದುರು ನಿಲ್ಲುತ್ತದೆ. ಅಲ್ಲಿ ಮಾತು ಕೇಳಿದರೆ ಜೋರು ಮಾಡಿದಾಗಲೂ ಕೇಳುತ್ತದೆ. ಕಿವಿಯ ಆರೋಗ್ಯಕ್ಕೂ ಇದೇ ಒಳ್ಳೆಯದು. ಕೆಲಸದ ಜಾಗದ ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕಿಳಿಯುತ್ತದೆ. ಕಿವಿ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಇಪ್ಪತ್ತು ನಿಮಿಷ ಕೆಲಸ, ಐದು ನಿಮಿಷ ಹೊರಗೆ ತಿರುಗಾಟ. ಮೊದಲ ಎರಡು ವಾರ ಬೇರೇನೂ ಮಾಡಬೇಡಿ. ದಿನಕ್ಕೊಂದು ಸಲ ಎಲ್ಲ ಫೇಡರ್ ಕೆಳಗಿಳಿಸಿ ಅದೇ ಹಾಡನ್ನು ಹೊಸದಾಗಿ ಹೊಂದಿಸಿ, ಆ ದಿನದ ಹೆಸರಿನಲ್ಲಿ ಸೇವ್ ಮಾಡಿ. ಹದಿನಾಲ್ಕನೇ ದಿನ ಮೊದಲ ದಿನದ್ದನ್ನು ಕೇಳಿ. ವ್ಯತ್ಯಾಸ ತಾನೇ ಗೊತ್ತಾಗುತ್ತದೆ.

ಮೂರನೇ ಹೆಜ್ಜೆ: ಎಡ ಬಲ

ಈಗ ಮೋನೋ ತೆಗೆಯಿರಿ. ಮುಖ್ಯ ದನಿ ನಡುವೆ, ಬಾಸ್ ನಡುವೆ. ಉಳಿದವು ಅಕ್ಕಪಕ್ಕ. ದುಡಿಯ ಜೊತೆಗಿನ ಹಾಡಿನಲ್ಲಿ ಇಬ್ಬರು ಒಂದು ಸಾಲು ಹಾಡುತ್ತಾರೆ, ಇನ್ನಿಬ್ಬರು ಅದನ್ನು ಹಿಡಿದು ಮತ್ತೆ ಹಾಡುತ್ತಾರೆ. ಹಾಗಾಗಿ ಮೊದಲ ಜೋಡಿಯನ್ನು ಸ್ವಲ್ಪ ಎಡಕ್ಕೆ, ಎರಡನೇ ಜೋಡಿಯನ್ನು ಸ್ವಲ್ಪ ಬಲಕ್ಕೆ ಇಟ್ಟೆ. ಸಾಲು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ದಾಟುವುದು ಕಣ್ಣಿಗೆ ಕಂಡ ಹಾಗಾಯಿತು. ಪೂರ್ತಿ ಅಂಚಿಗೆ ತಳ್ಳಬೇಡಿ, ಒಂದೇ ಕಿವಿಗೆ ಇಯರ್‌ಫೋನ್ ಹಾಕಿ ಕೇಳುವವರೂ ಇರುತ್ತಾರೆ.

ನಾಲ್ಕನೇ ಹೆಜ್ಜೆ: ಈಕ್ಯೂ

ಈಕ್ಯೂ ಅಂದರೆ ಸದ್ದಿನ ತಗ್ಗು, ನಡು, ತಾರ ಕಂಪನಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಲಕರಣೆ. ಮೊದಲು ಕಳೆಯಲು ಬಳಸಿ, ಆಮೇಲೆ ಕೂಡಿಸಲು.

ಗಂಡು ದನಿಗೆ 80 ಹರ್ಟ್ಜ್, ಹೆಣ್ಣು ದನಿಗೆ 100ರಿಂದ 120 ಹರ್ಟ್ಜ್ ಕೆಳಗಿನದ್ದನ್ನು ಕತ್ತರಿಸುವ ಹೈಪಾಸ್ ಫಿಲ್ಟರ್ ಹಾಕಿ. ಅಲ್ಲಿ ದನಿ ಇರುವುದಿಲ್ಲ, ನೆಲದ ಅದುರು, ಗಾಳಿ, ಪ ಮತ್ತು ಬ ಅಕ್ಷರಗಳ ಬಡಿತ ಇರುತ್ತದೆ. 200ರಿಂದ 350ರ ನಡುವೆ ಕೆಸರು ತುಂಬಿಕೊಳ್ಳುತ್ತದೆ, ಸಣ್ಣ ಕೋಣೆಯ ರೆಕಾರ್ಡಿಂಗಿನಲ್ಲಂತೂ ಗ್ಯಾರಂಟಿ. ಅಲ್ಲಿ ಎರಡು ಮೂರು ಡೆಸಿಬಲ್ ಇಳಿಸಿ ನೋಡಿ. 800ರಿಂದ 1,000ದ ನಡುವೆ ಮೂಗಿನ ಸದ್ದು. 3,000ದಿಂದ 4,000ದ ನಡುವೆ ಮಾತಿನ ಸ್ಪಷ್ಟತೆ. 5,000ದಿಂದ 8,000ದ ನಡುವೆ ಸ, ಶ, ಚ ಅಕ್ಷರಗಳ ಸೀಟಿ.

ಈ ಅಂಕಿಗಳನ್ನು ದಾರಿ ತೋರುವ ಕಲ್ಲು ಅಂತ ಮಾತ್ರ ತಿಳಿಯಿರಿ. ದುಡಿಗೆ ಎಲ್ಲಿ ಇಳಿಸಬೇಕು ಅಂತ ಯಾವ ಪಟ್ಟಿಯೂ ಹೇಳುವುದಿಲ್ಲ. ಒಂದೊಂದು ದುಡಿಯ ಚರ್ಮ, ಬಿಗಿ ಬೇರೆ ಬೇರೆ. ನೀವೇ ಹುಡುಕಬೇಕು. ಈಕ್ಯೂನ ಒಂದು ಬ್ಯಾಂಡನ್ನು (ಏರಿಸಿ ಇಳಿಸುವ ಒಂದು ಭಾಗವನ್ನು) ಕಿರಿದಾಗಿ ಮಾಡಿ, 8 ಡೆಸಿಬಲ್ ಏರಿಸಿ, 100ರಿಂದ ಮೇಲಕ್ಕೆ ನಿಧಾನ ಎಳೆಯುತ್ತಾ ಹೋಗಿ. ಎಲ್ಲೋ ಒಂದು ಕಡೆ ದುಡಿ ಕೊಡ ಬಡಿದ ಹಾಗೆ ಗುಂಯ್ಗುಡುತ್ತದೆ. ಅದೇ ಜಾಗ. ಅಲ್ಲಿ 3 ಡೆಸಿಬಲ್ ಕೆಳಗೆ ಇಳಿಸಿ, ಬ್ಯಾಂಡನ್ನು ಸ್ವಲ್ಪ ಅಗಲ ಮಾಡಿ. ಈಗ ಈಕ್ಯೂ ಆಫ್ ಮಾಡಿ, ಆನ್ ಮಾಡಿ, ಎರಡೂ ಒಂದೇ ಜೋರಿನಲ್ಲಿ ಕೇಳಿ. ನಿಜವಾಗಿ ಒಳ್ಳೆಯದಾಗಿಲ್ಲ ಅಂದರೆ ತೆಗೆದುಬಿಡಿ. ಹುಡುಕುವ ಈ ಆಟವನ್ನು ಅಗತ್ಯ ಇದ್ದಾಗ ಮಾತ್ರ ಆಡಿ. 8 ಡೆಸಿಬಲ್ ಏರಿಸಿದರೆ ಎಲ್ಲ ಜಾಗವೂ ಕೆಟ್ಟದಾಗಿಯೇ ಕೇಳುತ್ತದೆ.

ಭಜನೆಯಲ್ಲಿ ಇನ್ನೊಂದು ತೊಡಕು ಬರುತ್ತದೆ. ಹಾರ್ಮೋನಿಯಂ ಮತ್ತು ದನಿ ಎರಡೂ ಒಂದೇ ಜಾಗದಲ್ಲಿ ಕೂರುತ್ತವೆ. ದನಿ ಕೇಳುತ್ತಿಲ್ಲ ಅಂತ ದನಿಯನ್ನು ಏರಿಸಬೇಡಿ. ಹಾರ್ಮೋನಿಯಂನಲ್ಲಿ 2,500ರ ಆಸುಪಾಸು 3 ಡೆಸಿಬಲ್ ಇಳಿಸಿ. ಬೆಂಚಿನಲ್ಲಿ ಒಬ್ಬರು ಸ್ವಲ್ಪ ಸರಿದು ಕೂತರೆ ಇನ್ನೊಬ್ಬರಿಗೆ ಜಾಗ ಆಗುತ್ತದಲ್ಲ, ಅಷ್ಟೇ.

ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟಿನ ಹಿತ್ತಾಳೆ ತಾಳ ಇದ್ದರೆ ಅದು ಸ, ಶ ಅಕ್ಷರಗಳ ಮೇಲೇ ಬೀಳುತ್ತದೆ. ಅದನ್ನು ಈಕ್ಯೂನಿಂದ ಕತ್ತರಿಸುತ್ತಾ ಹೋದರೆ ತಾಳದ ಹೊಳಪೇ ಸತ್ತುಹೋಗುತ್ತದೆ. ಫೇಡರ್ ಇಳಿಸಿ, ಪಕ್ಕಕ್ಕೆ ಸರಿಸಿ.

ಐದನೇ ಹೆಜ್ಜೆ: ಕಂಪ್ರೆಸರ್

ಇದು ಅರ್ಥವಾಗಲು ನನಗೆ ವರ್ಷ ಹಿಡಿಯಿತು. ಕಂಪ್ರೆಸರ್ ಅಂದರೆ ಫೇಡರ್ ಮೇಲೆ ಕೈ ಇಟ್ಟು ಕೂತ ಒಬ್ಬ ಸಹಾಯಕ ಅಂತ ಅಂದುಕೊಳ್ಳಿ. ಸದ್ದು ಒಂದು ಗೆರೆ ದಾಟಿದ ತಕ್ಷಣ ಅವನು ಇಳಿಸುತ್ತಾನೆ. ಆ ಗೆರೆಯೇ ಥ್ರೆಶೋಲ್ಡ್. ಎಷ್ಟು ಇಳಿಸಬೇಕು ಅನ್ನುವುದು ರೇಷಿಯೋ. ಎಷ್ಟು ಬೇಗ ಕೈ ಹಾಕಬೇಕು ಅನ್ನುವುದು ಅಟ್ಯಾಕ್, ಎಷ್ಟು ಬೇಗ ಬಿಡಬೇಕು ಅನ್ನುವುದು ರಿಲೀಸ್.

ಒಂದು ಲೆಕ್ಕ ನೋಡಿ. ಗೆರೆ ಮೈನಸ್ 20ರಲ್ಲಿದೆ, ರೇಷಿಯೋ 4ಕ್ಕೆ 1. ದನಿ ಮೈನಸ್ 12ಕ್ಕೆ ಏರಿತು, ಅಂದರೆ ಗೆರೆಗಿಂತ 8 ಮೇಲೆ. ಆ 8 ನಾಲ್ಕರಿಂದ ಭಾಗವಾಗಿ 2 ಆಗುತ್ತದೆ. ಹೊರಬರುವುದು ಮೈನಸ್ 18. ಒಟ್ಟು 6 ಡೆಸಿಬಲ್ ಇಳಿಯಿತು. ಹಾಡುವ ದನಿಗೆ ಜೋರಿನ ಜಾಗದಲ್ಲಿ 3ರಿಂದ 6 ಡೆಸಿಬಲ್ ಇಳಿದರೆ ಸಾಕು. ಶುರುವಿಗೆ ರೇಷಿಯೋ 3, ಅಟ್ಯಾಕ್ 10 ಮಿಲಿಸೆಕೆಂಡ್, ರಿಲೀಸ್ 100 ಇಟ್ಟು ಕೇಳಿ.

ಅಟ್ಯಾಕ್ ಏನು ಮಾಡುತ್ತದೆ ಅಂತ ದುಡಿಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಅಟ್ಯಾಕ್ 1 ಮಿಲಿಸೆಕೆಂಡ್ ಇಡಿ. ಕೋಲು ಚರ್ಮಕ್ಕೆ ತಾಗುವ ಟಕ್ ಅನ್ನುವ ಸದ್ದು ಮಾಯವಾಗಿ ದುಡಿ ಹಿಂದಕ್ಕೆ ಸರಿಯುತ್ತದೆ. 25 ಮಿಲಿಸೆಕೆಂಡಿಗೆ ಏರಿಸಿ. ಟಕ್ ತಪ್ಪಿಸಿಕೊಂಡು ಮುಂದೆ ಬರುತ್ತದೆ, ಹಿಂದಿನ ಗುಂಯ್ ಮಾತ್ರ ಇಳಿಯುತ್ತದೆ. ನನ್ನ ಜೀಪಿನ ಕಷ್ಟಕ್ಕೆ ಅರ್ಧ ಪರಿಹಾರ ಇದರಲ್ಲೇ ಸಿಕ್ಕಿತು. ಟಕ್ ಉಳಿದರೆ ತಾಳ ತಿಳಿಯುತ್ತದೆ, ಗುಂಯ್ ಇಳಿದರೆ ಮಾತಿಗೆ ಜಾಗ ಸಿಗುತ್ತದೆ.

ರಿಲೀಸ್ ಹಾಡಿನ ನಡೆಗೆ ಹೊಂದಬೇಕು. ಕಂಪ್ರೆಸರ್ ಎಷ್ಟು ಇಳಿಸಿತು ಅಂತ ತೋರುವ ಮೀಟರಿನ ಮುಳ್ಳು ಮುಂದಿನ ಪೆಟ್ಟಿನೊಳಗೆ ಹೆಚ್ಚುಕಮ್ಮಿ ಸೊನ್ನೆಗೆ ಮರಳಲಿ. ತೀರಾ ಬೇಗ ಮರಳಿದರೆ ಸದ್ದು ಉಸಿರು ಕಟ್ಟಿದವರ ಹಾಗೆ ಏರಿಳಿಯುತ್ತದೆ.

ಆರನೇ ಹೆಜ್ಜೆ: ರಿವರ್ಬ್ ಮತ್ತು ಡಿಲೇ

ರಿವರ್ಬನ್ನು ಪ್ರತಿ ಟ್ರ್ಯಾಕಿಗೂ ಹಾಕಬೇಡಿ. ಬೇರೆ ಒಂದು ಟ್ರ್ಯಾಕಿನಲ್ಲಿ ಒಂದೇ ರಿವರ್ಬ್ ಹಾಕಿ, ಬೇಕಾದ ಟ್ರ್ಯಾಕ್‌ಗಳಿಂದ ಸೆಂಡ್ ಮೂಲಕ ಸ್ವಲ್ಪ ಸ್ವಲ್ಪ ಕಳಿಸಿ. ಎಲ್ಲರೂ ಒಂದೇ ಜಾಗದಲ್ಲಿ ಹಾಡಿದ ಹಾಗೆ ಕೇಳುತ್ತದೆ. ಪ್ರಿಡಿಲೇ (ಗುಂಗು ಶುರುವಾಗುವ ಮುಂಚಿನ ತಡ) 20ರಿಂದ 30 ಮಿಲಿಸೆಕೆಂಡ್ ಇಟ್ಟರೆ ಅಕ್ಷರ ಮೊದಲು ಕಿವಿಗೆ ಬಿದ್ದು, ಆಮೇಲೆ ಗುಂಗು ಬರುತ್ತದೆ. ರಿವರ್ಬಿನ ಮೇಲೂ ಈಕ್ಯೂ ಹಾಕಿ, 300ರ ಕೆಳಗೆ ಮತ್ತು 8,000ದ ಮೇಲೆ ಕತ್ತರಿಸಿ.

ಎಷ್ಟು ಉದ್ದದ ರಿವರ್ಬ್? ಆ ಹಾಡು ಎಲ್ಲಿ ಹುಟ್ಟಿದ್ದು ಅಂತ ಯೋಚಿಸಿ. ದುಡಿ ಹಾಡು ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆ) ಜಗುಲಿಯಲ್ಲಿ, ಊರು ಸೇರುವ ಮಂದ್‌ನ ಬಯಲಿನಲ್ಲಿ ಹಾಡುವಂಥದ್ದು. ಅದಕ್ಕೆ ಮೂರು ಸೆಕೆಂಡಿನ ದೊಡ್ಡ ಹಾಲ್ ರಿವರ್ಬ್ ಹಾಕಿದರೆ ಹಾಡು ತನ್ನ ಊರನ್ನೇ ಬಿಟ್ಟುಹೋಗುತ್ತದೆ. ನಾನು 0.7 ಸೆಕೆಂಡ್ ದಾಟುವುದಿಲ್ಲ. ಭಾವಗೀತೆಗೆ 1.5ರವರೆಗೆ ಹೋಗಬಹುದು. ಪ್ರಮಾಣಕ್ಕೆ ಒಂದು ಉಪಾಯ ಇದೆ. ರಿವರ್ಬ್ ಕೇಳುವವರೆಗೆ ಏರಿಸಿ, ಆಮೇಲೆ ಎರಡು ಮೂರು ಡೆಸಿಬಲ್ ಇಳಿಸಿ. ಇದ್ದಾಗ ಗೊತ್ತಾಗಬಾರದು, ತೆಗೆದಾಗ ಖಾಲಿ ಅನ್ನಿಸಬೇಕು.

ಡಿಲೇ ಸಮಯಕ್ಕೆ 60,000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಬರುವ ಪೆಟ್ಟುಗಳಿಂದ) ಭಾಗಿಸಿ. 90 ಬಿಪಿಎಂ ಆದರೆ 667 ಮಿಲಿಸೆಕೆಂಡ್, ಅದರ ಅರ್ಧ 333.

ಏಳನೇ ಹೆಜ್ಜೆ: ಆಟೋಮೇಶನ್

ಕಂಪ್ರೆಸರ್ ಮಾಡಲಾಗದ್ದನ್ನು ಇಲ್ಲಿ ಕೈಯಿಂದ ಮಾಡಬೇಕು. ಕನ್ನಡದ ಹೆಚ್ಚಿನ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಹಾಡುವಾಗ ಆ ಕೊನೆಯ ಸ್ವರವನ್ನು ಎಳೆಯುತ್ತೇವೆ. ಎಳೆದ ಸ್ವರ ಜೋರು, ಮುಂದಿನ ಪದದ ಮೊದಲ ವ್ಯಂಜನ ಮೆಲ್ಲಗೆ. ಹಾಗಾಗಿ ಪದದ ತಲೆ ನುಂಗಿ ಹೋಗುತ್ತದೆ. ದನಿಯ ವಾಲ್ಯೂಮ್ ಆಟೋಮೇಶನ್ ಗೆರೆ (ಹಾಡಿನ ಉದ್ದಕ್ಕೂ ಜೋರು ಏರಿಳಿಸುವ ಗೆರೆ) ತೆರೆದು, ಹಾಡಿನ ಸಾಲನ್ನು ಕಾಗದದಲ್ಲಿ ಬರೆದು ಮುಂದಿಟ್ಟುಕೊಳ್ಳಿ. ಪ್ರತಿ ಪದ ಓದುತ್ತಾ ಕೇಳಿ. ತಿಳಿಯದ ಅಕ್ಷರದ ಮೇಲೆ 1ರಿಂದ 2 ಡೆಸಿಬಲ್ ಏರಿಸಿ, ಎಳೆದ ಸ್ವರದ ಮೇಲೆ 1 ಇಳಿಸಿ. ನಾಲ್ಕು ನಿಮಿಷದ ಹಾಡಿಗೆ ಒಂದು ಗಂಟೆ ಬೇಕು. ಬೇಸರದ ಕೆಲಸ ಅನ್ನಿಸಬಹುದು. ಆದರೆ ನಾನು ಮಾಡುವ ಎಲ್ಲದರಲ್ಲಿ ಅತಿ ಹೆಚ್ಚು ಫಲ ಕೊಡುವ ಗಂಟೆ ಇದೇ.

ಎಂಟನೇ ಹೆಜ್ಜೆ: ಹೊರಗೆ ಹೋಗಿ ಕೇಳಿ

ಮರುದಿನ ಬೆಳಗ್ಗೆ, ಕಾಫಿ ಕುಡಿದ ಮೇಲೆ, ಒಂದು ಪುಸ್ತಕ ಪೆನ್ನು ಹಿಡಿದು ಕೇಳಿ. ಕಂಪ್ಯೂಟರ್ ಮುಟ್ಟಬೇಡಿ, ಬರೆದುಕೊಳ್ಳಿ ಅಷ್ಟೇ. ಮೊದಲು ಮೊಬೈಲ್ ಸ್ಪೀಕರ್. ಅದರಲ್ಲಿ ತಗ್ಗಿನ ಸದ್ದು ಬರುವುದೇ ಇಲ್ಲ. ಬಾಸ್ ಪೂರ್ತಿ ಮಾಯವಾದರೆ ಬಾಸ್ ಟ್ರ್ಯಾಕಿಗೆ ಸ್ವಲ್ಪ ಸ್ಯಾಚುರೇಶನ್ (ಸದ್ದನ್ನು ತುಸು ಒರಟು ಮಾಡುವ ಸಲಕರಣೆ) ಹಾಕಿ. ಮೇಲಿನ ಕಂಪನಗಳು ಹುಟ್ಟಿ ಕಿವಿ ಬಾಸನ್ನು ಊಹಿಸಿಕೊಳ್ಳುತ್ತದೆ. ಆಮೇಲೆ ಜೀಪು ಅಥವಾ ಕಾರು, ಇಂಜಿನ್ ಆನ್ ಇರಲಿ. ಕೊನೆಗೆ ಹಾಡು ಹಾಕಿ ಪಕ್ಕದ ಕೋಣೆಗೆ ಹೋಗಿ, ಬಾಗಿಲು ಅರ್ಧ ತೆರೆದಿಡಿ. ಅಲ್ಲಿಂದ ದನಿ ಮತ್ತು ದುಡಿಯ ಹದ ತಪ್ಪಿದ್ದರೆ ಕೂಡಲೇ ತಿಳಿಯುತ್ತದೆ. ನನ್ನ ಲೆಕ್ಕದಲ್ಲಿ ಅಡುಗೆಮನೆಯೇ ಅತ್ಯುತ್ತಮ ಸ್ಪೀಕರ್.

ಮೂರು ಕಡೆಯೂ ಒಂದೇ ದೂರು ಬಂದರೆ ತಿದ್ದಿ. ಒಂದೇ ಕಡೆ ಬಂದರೆ ಅದು ಆ ಸ್ಪೀಕರಿನ ಗುಣ, ಬಿಟ್ಟುಬಿಡಿ.

ಒಂಬತ್ತನೇ ಹೆಜ್ಜೆ: ಹೊರಗೆ ಕಳಿಸುವುದು

ಯೂಟ್ಯೂಬ್, ಸ್ಪಾಟಿಫೈ ಎರಡೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಹಾಡನ್ನು ಹೊಂದಿಸುತ್ತವೆ. ಎಲ್‌ಯುಎಫ್‌ಎಸ್ ಅಂದರೆ ಕಿವಿಗೆ ಅನ್ನಿಸುವ ಜೋರಿನ ಅಳತೆ. ನೀವು ಅದಕ್ಕಿಂತ ಜೋರಾಗಿ ಹಿಂಡಿ ಕಳಿಸಿದರೂ ಅವರು ಇಳಿಸುತ್ತಾರೆ. ಹಿಂಡಿದ್ದಕ್ಕೆ ಸಿಗುವುದು ಸತ್ತ ದುಡಿ ಮಾತ್ರ. ಮಾಸ್ಟರಿನಲ್ಲಿ ಒಂದು ಲಿಮಿಟರ್ (ಸದ್ದು ಒಂದು ಗೆರೆ ದಾಟದ ಹಾಗೆ ತಡೆಯುವ ಸಲಕರಣೆ) ಹಾಕಿ, ಟ್ರೂ ಪೀಕ್, ಅಂದರೆ ಸದ್ದಿನ ನಿಜವಾದ ತುದಿ, ಮೈನಸ್ 1ರಲ್ಲಿ ನಿಲ್ಲಿಸಿ. ಎರಡು ಮೂರು ಡೆಸಿಬಲ್‌ಗಿಂತ ಜಾಸ್ತಿ ತಳ್ಳಬೇಡಿ. ನನ್ನ ದುಡಿ ಹಾಡುಗಳು ಮೈನಸ್ 16ರ ಹತ್ತಿರ ಇರುತ್ತವೆ, ಅವು ಹಾಗೇ ಇರಲಿ. ರೀಪರ್‌ನಲ್ಲೇ ಇದನ್ನು ಅಳೆಯುವ ಮೀಟರ್ ಇದೆ.

24 ಬಿಟ್ ವೇವ್ ಫೈಲ್ ತೆಗೆದಿಡಿ, ಅದು ಮೂಲ ಪ್ರತಿ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಪ್ರಾಜೆಕ್ಟಿನ ಫೋಲ್ಡರನ್ನು ಪೂರ್ತಿಯಾಗಿ ಎರಡು ಕಡೆ ಕಾಪಿ ಮಾಡಿ. ಒಂದು ಹಾರ್ಡ್ ಡಿಸ್ಕಿನಲ್ಲಿ, ಮೈಕಿನ ಡಬ್ಬಿಯಲ್ಲೇ, ಸಿಲಿಕಾ ಜೆಲ್ ಪಕ್ಕ. ಇನ್ನೊಂದು ಬೇರೆ ಮನೆಯಲ್ಲಿ. ಫೋಲ್ಡರಿನೊಳಗೆ ಒಂದು ಸಣ್ಣ ಟಿಪ್ಪಣಿ ಇಡಿ: ಯಾವ ದಿನ, ಯಾವ ಊರು, ಯಾರು ಹಾಡಿದ್ದು, ಯಾವ ಮೈಕ್, ಹಾಡಿನ ಪೂರ್ತಿ ಸಾಹಿತ್ಯ. ಸಾಹಿತ್ಯವನ್ನು ಹಾಡಿದವರ ಮುಂದೆ ಕೂತು ಓದಿಸಿ ತಿದ್ದಿಕೊಳ್ಳಿ. ಆ ಹಿರಿಯರಿಗೆ ನಾನು ಎರಡನೇ ಸಲ ಮಿಕ್ಸ್ ಮಾಡಿದ ಹಾಡನ್ನು ಅದೇ ಜೀಪಿನಲ್ಲಿ ಕೇಳಿಸಿದಾಗ ಅವರು ಹಾಡಿನ ಬಗ್ಗೆ ಏನೂ ಹೇಳಲಿಲ್ಲ. ಮೂರನೇ ಸಾಲಿನಲ್ಲಿ ನಾನು ಬರೆದುಕೊಂಡಿದ್ದ ಒಂದು ಪದ ತಪ್ಪು ಅಂತ ತಿದ್ದಿದರು.